ಮುಳುಗಿದವರು ಹಾರಬಾರದು

"ಆ ಮೇಲಿನ ಹಲಗೇಲಿರೋ ಪೆಟ್ಟಿಗೆ ಸ್ವಲ್ಪ ಇಳಿಸಿಕೊಡ್ತೀರಾ? ನನಗೆ ಎಟುಕಲ್ಲ," ಎಂದಳು ಇನ್‌ಸ್ಪೆಕ್ಟರ್.

ಸತ್ತವನ ಹೆಂಡತಿಯ ತಮ್ಮ ಎದ್ದು ಬಲಗೈ ಚಾಚಿದ. ಕನ್ನಡಕದ ಚೌಕಟ್ಟುಗಳು ತುಂಬಿದ್ದ ಮರದ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹೂವಿನ ಹಾಗೆ ಇಳಿಸಿ ಮೇಜಿನ ಮೇಲಿಟ್ಟ. ಭುಜ ಸಲೀಸಾಗಿ ತಿರುಗಿತು. ಮುಖದ ಮೇಲೆ ನೋವಿನ ಒಂದು ಗೆರೆಯೂ ಮೂಡಲಿಲ್ಲ.

ಇನ್‌ಸ್ಪೆಕ್ಟರ್ ಪೆಟ್ಟಿಗೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅವಳು ನೋಡಬೇಕಿದ್ದದ್ದು ಆ ಭುಜವನ್ನು.

ಅವರಿಬ್ಬರೂ ಕೂತಿದ್ದದ್ದು ಕೊಲೆ ನಡೆದ ಕೋಣೆಯಲ್ಲೇ. ಮುಂದೆ ಕನ್ನಡಕದ ಅಂಗಡಿ, ಹಿಂದೆ ಗಾಜು ಉಜ್ಜುವ ಈ ಕೋಣೆ, ಮಹಡಿಯ ಮೇಲೆ ಮನೆ. ಮೊನ್ನೆ ಸಂಜೆ ಏಳಕ್ಕೆ ಇಲ್ಲಿನ ಉಜ್ಜುವ ಯಂತ್ರ ಒಮ್ಮೆಲೇ ನಿಂತಿತು. ಮಧ್ಯಾಹ್ನದಿಂದ ಅದರ ಕರಕರ ಕೇಳಿ ತಲೆ ಚಿಟ್ಟುಹಿಡಿದಿದ್ದ ಪಕ್ಕದ ಅಂಗಡಿಯ ದರ್ಜಿ, ಸದ್ಯ ನಿಂತಿತಲ್ಲ ಎಂದು ನಿಟ್ಟುಸಿರುಬಿಟ್ಟು ಗಡಿಯಾರ ನೋಡಿದ್ದ. ಯಂತ್ರದ ಮುಂದೆ ಕೂತಿದ್ದ ಕನ್ನಡಕದಂಗಡಿಯವನ ತಲೆಗೆ ಯಾರೋ ಹಿಂದಿನಿಂದ ಕಬ್ಬಿಣದ ಸಲಾಕೆಯಲ್ಲಿ ಬಾರಿಸಿದ್ದರು. ಮರುದಿನ ಬೆಳಿಗ್ಗೆ ಹೆಂಡತಿಯ ತಮ್ಮ ವಿಮಾನ ನಿಲ್ದಾಣದಿಂದ ನೇರವಾಗಿ ಬಂದು ಕದ ತಟ್ಟಿದ. ತಲೆನೋವಿನ ಮಾತ್ರೆ ನುಂಗಿ ಸಂಜೆಯಿಂದಲೇ ಮಹಡಿಯ ಮೇಲೆ ಮಲಗಿದ್ದ ಅಕ್ಕ ಇಳಿದುಬಂದು ಬಾಗಿಲು ತೆಗೆದಳು. ಹೆಣವನ್ನು ಅಕ್ಕ ತಮ್ಮ ಇಬ್ಬರೂ ಒಟ್ಟಿಗೇ ನೋಡಿದರು. ಅವರು ಹೇಳುತ್ತಿದ್ದದ್ದು ಹೀಗೆ.

ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ತಮ್ಮನದು ಕಡಲ ತಡಿಯ ನಗರದಲ್ಲಿ ಸಮುದ್ರದೊಳಗೆ ಮುಳುಗುವುದನ್ನು ಕಲಿಸುವ ಶಾಲೆ. ಆ ಶಾಲೆ ನಿಂತ ದಂಡೆಯನ್ನು ಅಪ್ಪ ಸಾಯುವಾಗ ಮಗನಿಗೆ ಬಿಡದೆ ಅಳಿಯನ ಹೆಸರಿಗೆ ಮಾಡಿದ್ದ. ಅಳಿಯ ಮುಂದಿನ ವಾರ ಅದನ್ನು ಬಂದರು ಕಂಪನಿಗೆ ಮಾರುವವನಿದ್ದ. ಭಾವ ಸತ್ತರೆ ದಂಡೆ ಅಕ್ಕನಿಗೆ. ಅಕ್ಕನಿಗೆ ಮಕ್ಕಳಿಲ್ಲ, ಅವಳ ನಂತರ ಅದು ತಮ್ಮನಿಗೆ.

ಆದರೆ ದೂರ ಎನ್ನುವುದು ಗೋಡೆಯಂತೆ ಅಡ್ಡ ನಿಂತಿತ್ತು.

ಎರಡು ನಗರಗಳ ನಡುವೆ ನಾಲ್ಕು ಸಾವಿರ ಕಿಲೋಮೀಟರು. ವಿಮಾನದಲ್ಲಿ ಐದೂವರೆ ಗಂಟೆ. ಕೊಲೆಯಾದ ದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತಮ್ಮ ತನ್ನ ಆರು ಜನ ಶಿಷ್ಯರ ಜೊತೆ ಕಡಲ ತಳದಲ್ಲಿದ್ದ. ಆರೂ ಜನ ಆಣೆ ಮಾಡಿ ಹೇಳುತ್ತಿದ್ದರು. ನಾಲ್ಕಕ್ಕೆ ನೀರಿನಿಂದ ಎದ್ದವನು ಏಳಕ್ಕೆ ಇಲ್ಲಿಗೆ ಬಂದು ಭಾವನ ತಲೆ ಒಡೆಯಬೇಕಾದರೆ ಬೆನ್ನಿಗೆ ರೆಕ್ಕೆ ಮೂಡಿದ್ದರೂ ಸಾಲದು.

ಬೇರೆ ಯಾರನ್ನಾದರೂ ಹುಡುಕು ಎಂದು ಮೇಲಿನ ಸಾಹೇಬರು ನಿನ್ನೆಯೇ ಕೈತೊಳೆದುಕೊಂಡಿದ್ದರು. ಇನ್‌ಸ್ಪೆಕ್ಟರ್ ಕೈತೊಳೆದುಕೊಳ್ಳುವ ಪೈಕಿ ಅಲ್ಲ. ಐವತ್ತರ ಹೆಂಗಸು, ಎಡ ಮೊಣಕಾಲು ಸವೆದುಹೋಗಿತ್ತು, ಹಿಡಿದದ್ದು ಮಾತ್ರ ಉಡದ ಪಟ್ಟು. ಇವತ್ತು ಬೆಳಿಗ್ಗೆ ಆರು ಶಿಷ್ಯರನ್ನೂ ಅವಳೇ ಮತ್ತೆ ಫೋನಿನಲ್ಲಿ ಹಿಡಿದು ಕೂತಳು. ಐದು ಜನ ಮೊದಲು ಹೇಳಿದ್ದನ್ನೇ ಹೇಳಿದರು. ಆರನೆಯವಳು ಒಬ್ಬ ಶಾಲಾ ಟೀಚರ್. ಹರಟೆಮಲ್ಲಿ. ಅವಳು ಮಾತಿನ ನಡುವೆ ತನ್ನದೇ ಒಂದು ಕಷ್ಟ ತೋಡಿಕೊಂಡಳು. ಅವತ್ತು ರಾತ್ರಿಯೇ ಅವಳು ವಿಮಾನದಲ್ಲಿ ಊರಿಗೆ ಹೊರಡಬೇಕಿತ್ತಂತೆ. ತರಗತಿಯ ಮೊದಲ ದಿನವೇ ಮೇಷ್ಟ್ರು ಆ ಟಿಕೆಟ್ ನೋಡಿ ರೇಗಿ, ಬದಲಾಯಿಸುವ ತನಕ ನೀರಿಗೆ ಇಳಿಸಿರಲಿಲ್ಲವಂತೆ. ಮುಳುಗಿದ ದಿನ ಹಾರಬಾರದು, ಇದೇ ಇಲ್ಲಿನ ಮೊದಲ ಪಾಠ ಎಂದಿದ್ದರಂತೆ.

ಆ ಮೇಷ್ಟ್ರೇ ಅವತ್ತು ರಾತ್ರಿ ವಿಮಾನ ಹತ್ತಿದ್ದ.

ಫೋನಿಟ್ಟವಳೇ ಇನ್‌ಸ್ಪೆಕ್ಟರ್ ಕಡಲ ನಗರದ ಆಸ್ಪತ್ರೆಗೆ ಕರೆ ಮಾಡಿ, ಮುಳುಗುವವರ ಕಾಯಿಲೆ ನೋಡುವ ಡಾಕ್ಟರನ್ನು ಕೇಳಿದಳು. ಅವರು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಆಳದಲ್ಲಿ ಉಸಿರಾಡಿದ ಗಾಳಿ ನೀರಿನ ಒತ್ತಡಕ್ಕೆ ರಕ್ತದಲ್ಲಿ ಕರಗಿ ಕೂತಿರುತ್ತದೆ, ಮೆಲ್ಲಗೆ ಹೊರಗೆ ಹೋಗಲು ಒಂದು ಇಡೀ ದಿನ ಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಮೇಲಿನ ತೆಳು ಗಾಳಿಯಲ್ಲಿ ಸೋಡಾ ಬಾಟಲಿ ತೆರೆದ ಹಾಗಾಗುತ್ತದೆ. ರಕ್ತದಲ್ಲಿ ಗುಳ್ಳೆ ಏಳುತ್ತದೆ. ಮೊದಲು ಭುಜ, ಮೊಣಕೈ ಕಿತ್ತುಬರುವಂಥ ನೋವು. ಆಮೇಲೆ ಬೆನ್ನುಹುರಿ.

ಆ ಮಾತು ಕಿವಿಯಲ್ಲಿ ಇಟ್ಟುಕೊಂಡೇ ಅವಳು ತಮ್ಮನಿಗೆ ಪೆಟ್ಟಿಗೆ ಇಳಿಸಲು ಹೇಳಿದ್ದು.

"ಕೂತ್ಕೊಳ್ಳಿ," ಎಂದಳು. "ಮೊನ್ನೆ ಎಷ್ಟು ಆಳಕ್ಕೆ ಹೋಗಿದ್ರಿ?"

"ಮೂವತ್ತು ಮೀಟರು. ಎರಡು ಸಲ." ತಮ್ಮ ತಡವರಿಸಲಿಲ್ಲ. ನಲವತ್ತರ ಆಸುಪಾಸಿನ ಎತ್ತರದ ಆಳು, ಅಗಲ ಹೆಗಲು, ಬಿಸಿಲಿಗೆ ಕಂದಿದ ಮುಖ. "ಎಷ್ಟು ಸಲ ಹೇಳ್ಬೇಕು ಅದನ್ನ?"

"ಅವತ್ತು ರಾತ್ರಿನೇ ವಿಮಾನ ಹತ್ತಿದ್ರಿ."

"ಪ್ರಯಾಣಿಕರ ಪಟ್ಟಿ ನಿಮ್ಮ ಹತ್ರಾನೇ ಇದೆಯಲ್ಲ."

"ಇದೆ. ಆದರೆ ನಿಮ್ಮ ಶಿಷ್ಯೆಗೆ ಮಾತ್ರ ಟಿಕೆಟ್ ಬದಲಾಯಿಸೋಕೆ ಹೇಳಿದ್ರಂತೆ."

ಅವನ ಕಣ್ಣು ಒಂದು ಕ್ಷಣ ನಿಂತಿತು. ಮತ್ತೆ ಎಂದಿನಂತಾಯಿತು. ಅವಳು ಬಿಡಲಿಲ್ಲ. ಮುಂದಕ್ಕೆ ಬಾಗಿ, ದನಿ ಏರಿಸದೆ ಹೇಳಿದಳು.

"ಮೂವತ್ತು ಮೀಟರು ಮುಳುಗಿ, ಐದೂವರೆ ಗಂಟೆ ಹಾರಿ ಬಂದೋರ ಭುಜ ಹೀಗೆ ತಿರುಗಲ್ಲ. ನೀವು ಮುಳುಗಿಲ್ಲ, ಇಲ್ಲ ಹಾರಿಲ್ಲ. ಯಾವುದು ಅಂತ ನೀವೇ ಹೇಳಿ."

ತಮ್ಮ ನಕ್ಕ. ಎಲ್ಲರಿಗೂ ಹಾಗೇ ಆಗಬೇಕೆಂದೇನೂ ಇಲ್ಲ ಎಂದ. ಇಪ್ಪತ್ತು ವರ್ಷ ನೀರಲ್ಲೇ ಇದ್ದ ಮೈ, ಪಳಗಿದೆ ಎಂದ. ಶಿಷ್ಯರಿಗೆ ಬೇಡ ಎನ್ನುವುದು ಗುರುವಿನ ಧರ್ಮ, ತಾನು ಮಾಡುವುದು ತನ್ನ ಇಷ್ಟ. ಅಕ್ಕನನ್ನು ನೋಡಿ ಎರಡು ವರ್ಷವಾಗಿತ್ತು, ಬರಬೇಕೆನ್ನಿಸಿತು, ಅಪಾಯ ಲೆಕ್ಕಿಸದೆ ಬಂದೆ.

"ಅದಕ್ಕೆ ಗಲ್ಲಿಗೆ ಹಾಕ್ತೀರಾ?" ಎಂದು ಕೇಳಿದ.

ಎಲ್ಲರಿಗೂ ಆಗುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು. ನ್ಯಾಯಾಲಯದಲ್ಲಿ ವಕೀಲ ಆ ಒಂದು ವಾಕ್ಯ ಹಿಡಿದು ಅವಳನ್ನು ಒಗೆದು ಹಿಂಡಿ ಒಣಗಿಸಿಬಿಡುತ್ತಾನೆ. ಟೀಚರ್ ಹೇಳಿದ ಇನ್ನೊಂದು ಮಾತೂ ಕೈಯಲ್ಲಿ ಅರ್ಧಂಬರ್ಧ ಉಳಿದಿತ್ತು. ಅವತ್ತು ಮೇಷ್ಟ್ರಿಗೆ ಗಂಟಲು ಕಟ್ಟಿತ್ತಂತೆ, ದೋಣಿಯಲ್ಲಿ ಮೊದಲಿನಿಂದ ಕೊನೆಯ ತನಕ ಬರೀ ಕೈಸನ್ನೆಯಂತೆ. ತಲೆಗವಸು, ಮುಖವಾಡ ತೆಗೆಯಲೇ ಇಲ್ಲವಂತೆ. ದಿನಾ ಗದರುವವರು ಅವತ್ತು ಹೆದರಿದವಳ ಕೈ ಹಿಡಿದು, ಬೆನ್ನು ಸವರಿ, ಮೆಲ್ಲಗೆ ತಳಕ್ಕೆ ಕರೆದುಕೊಂಡು ಹೋದರಂತೆ. ಒಟ್ಟು ತರಗತಿಯಲ್ಲಿ ಅವತ್ತೊಂದೇ ದಿನ ನನಗೆ ಭಯ ಆಗಲಿಲ್ಲ ಎಂದಿದ್ದಳು ಟೀಚರ್.

ಮುಖವಾಡದ ಒಳಗಿದ್ದವರು ಬೇರೆ ಯಾರೋ. ಅದರಲ್ಲಿ ಇನ್‌ಸ್ಪೆಕ್ಟರಿಗೆ ಅನುಮಾನವಿರಲಿಲ್ಲ. ಹಾಗಾದರೆ ವಿಮಾನ ಹತ್ತಿದವರು ಯಾರು?

ತಮ್ಮನನ್ನು ಅಲ್ಲೇ ಕೂರಲು ಹೇಳಿ, ಬಾಗಿಲಲ್ಲಿ ದಫೇದಾರನನ್ನು ನಿಲ್ಲಿಸಿ, ಅವಳು ಮಹಡಿ ಹತ್ತಿದಳು. ಅಕ್ಕನ ಹೇಳಿಕೆಗೆ ಇನ್ನೂ ಸಹಿ ಆಗಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಮೊಣಕಾಲು ತನ್ನ ಹಾಜರಿ ಹಾಕುತ್ತಿತ್ತು.

ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ಜೊತೆಗೆ ಕೂತಿದ್ದ ದರ್ಜಿಯ ಹೆಂಡತಿ ಎದ್ದು ಹೊರಗೆ ಬಂದವಳು, ಪಾಪ, ದುಃಖಕ್ಕೆ ಕಾಲೇ ನಿಲ್ಲುತ್ತಿಲ್ಲ, ಬಚ್ಚಲಿಗೂ ನಾನೇ ಹಿಡಿದುಕೊಂಡು ಹೋದೆ ಎಂದು ಕಿವಿಯಲ್ಲಿ ಹೇಳಿ ಕೆಳಗಿಳಿದಳು.

ಇನ್‌ಸ್ಪೆಕ್ಟರ್ ಕಾಗದ ಮುಂದಿಟ್ಟು ಪೆನ್ನು ಕೊಟ್ಟಳು. ಪೆನ್ನು ಅಕ್ಕನ ಬೆರಳುಗಳ ನಡುವಿನಿಂದ ಜಾರಿ ಹೊದಿಕೆಯ ಮೇಲೆ ಬಿತ್ತು. ಎತ್ತಿಕೊಟ್ಟರೆ ಮತ್ತೆ ಬಿತ್ತು. ಮೂರನೆಯ ಸಲ ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಗೀಚಿದಳು.

"ಕೈ ಮೇಲೆ ಮಲಗಿಬಿಟ್ಟಿದ್ದೆ," ಎಂದಳು. "ಜೋಮು ಹಿಡಿದಿದೆ."

ಸಹಿ ಹಾಕುವಾಗ ಅಂಗಿಯ ತೋಳು ಮೇಲೆ ಸರಿದಿತ್ತು. ಮೊಣಕೈಯಿಂದ ಭುಜದವರೆಗೆ ಚರ್ಮದ ಮೇಲೆ ಕೆಂಪು ನೀಲಿ ಗೆರೆಗಳು, ಕಲ್ಲಿನ ನೆಲದಲ್ಲಿ ಹರಿದ ಬಣ್ಣದಂತೆ. ಇನ್‌ಸ್ಪೆಕ್ಟರ್ ಆ ಗೆರೆಗಳನ್ನು ನೋಡಿದಳು. ಎತ್ತರದ ಹೆಂಗಸು. ಅಗಲ ಹೆಗಲು. ಅಚ್ಚು ತಮ್ಮನ ಮೈಕಟ್ಟು.

ಇನ್‌ಸ್ಪೆಕ್ಟರ್ ಕಾಗದವನ್ನು ತನ್ನತ್ತ ಎಳೆದುಕೊಂಡಳು.

ವಿಮಾನದ ಪಟ್ಟಿಯಲ್ಲಿ ಇದ್ದದ್ದು ಮನೆತನದ ಹೆಸರು, ಅದರ ಮುಂದೆ ಒಂದೇ ಒಂದು ಅಕ್ಷರ. ತಮ್ಮನ ಹೆಸರಿನ ಮೊದಲ ಅಕ್ಷರ ಎಂದು ಎಲ್ಲರೂ ಓದಿಕೊಂಡಿದ್ದರು. ಈಗ ಕಾಗದದ ಮೇಲೆ ಸೊಟ್ಟಗೆ ಬಿದ್ದಿದ್ದ ಸಹಿಯೂ ಅದೇ ಅಕ್ಷರದಿಂದ ಶುರುವಾಗಿತ್ತು, ತವರಿನ ಅದೇ ಹೆಸರಿನಲ್ಲಿ ಮುಗಿದಿತ್ತು.

"ನಿಮ್ಮ ಅಪ್ಪ ಏನು ಕೆಲಸ ಮಾಡ್ತಿದ್ರು?" ಎಂದು ಕೇಳಿದಳು, ಸಾಧ್ಯವಾದಷ್ಟು ಸಾದಾ ದನಿಯಲ್ಲಿ.

ಮುಳುಗಿದ ಹಡಗುಗಳಿಂದ ಸಾಮಾನು ಎತ್ತುವ ಕೆಲಸ ಎಂದಳು ಅಕ್ಕ. ಮಕ್ಕಳಿಬ್ಬರಿಗೂ ನಡೆಯುವುದಕ್ಕೆ ಮೊದಲು ಈಜು ಬಂದಿತ್ತು. ಮದುವೆಯಾಗಿ ಬರುವ ತನಕ ಅಪ್ಪನ ಜೊತೆ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಿದ್ದವಳು ತಾನೇ, ತಮ್ಮ ಆಗ ಚಿಕ್ಕವನು. ಹೇಳುವಾಗ ಅವಳ ಮುಖ ಸ್ವಲ್ಪ ಬೆಳಗಿತು. ಆಮೇಲೆ ತಾನು ಏನು ಹೇಳಿದೆ ಎಂದು ಹೊಳೆದಂತೆ ಥಟ್ಟನೆ ಬಾಯಿ ಮುಚ್ಚಿದಳು.

ಇನ್‌ಸ್ಪೆಕ್ಟರ್ ಹೊರಗೆ ಬಂದು ಡಾಕ್ಟರಿಗೆ ಮತ್ತೆ ಕರೆ ಮಾಡಿದಳು. ಕೈಯ ಜೋಮು, ನಿಲ್ಲದ ಕಾಲು, ಚರ್ಮದ ಗೆರೆ ಎಂದು ಹೇಳುವಷ್ಟರಲ್ಲೇ ಅವರು ನಡುವೆ ಬಾಯಿ ಹಾಕಿದರು. ಬೆನ್ನುಹುರಿಗೆ ಬಂದಿದೆ ಎಂದರು. ಒತ್ತಡದ ಕೋಣೆಯಲ್ಲಿ ಇಡಬೇಕು, ಇವತ್ತು ಸಂಜೆಯೊಳಗೆ. ತಡವಾದರೆ ಕಾಲು ಹೋಗುತ್ತದೆ, ಇನ್ನೂ ತಡವಾದರೆ ಉಸಿರು. ಅಂಥ ಕೋಣೆ ನಿಮಗೆ ಹತ್ತಿರದಲ್ಲಿರುವುದು ಒಂದು ನೌಕಾನೆಲೆಯಲ್ಲಿ, ರಸ್ತೆಯಲ್ಲಿ ಆರು ಗಂಟೆ. ವಿಮಾನದ ಸುದ್ದಿಯೇ ಬೇಡ, ಇನ್ನೊಂದು ಸಲ ಮೇಲೆ ಹೋದರೆ ಹೆಣವೇ ಇಳಿಯುವುದು. ನೆಲದಿಂದ ಮುನ್ನೂರು ಮೀಟರು ಏರಿಸಿದರೂ ಅಪಾಯ. ಮತ್ತೆ, ಊಹೆಯ ಮೇಲೆ ನೌಕಾನೆಲೆಯವರು ಬಾಗಿಲು ತೆರೆಯುವುದಿಲ್ಲ. ಎಷ್ಟು ಆಳ, ಯಾವಾಗ ಎನ್ನುವುದು ರೋಗಿಯ ಬಾಯಿಂದಲೇ ಬರಬೇಕು.

ಅವಳು ಆಂಬುಲೆನ್ಸಿಗೆ ಹೇಳಿ, ಒಂದು ಕ್ಷಣ ಮೆಟ್ಟಿಲ ಕಂಬಿಗೆ ಒರಗಿ ನಿಂತಳು. ಬಾಯಿ ಬಿಟ್ಟರೆ ಅಕ್ಕ ಕೊಲೆಯ ಪಾಲುದಾರಳು. ಬಾಯಿ ಬಿಡದಿದ್ದರೆ ಹೆಣ. ನಿನ್ನೆಯಿಂದ ಆ ನೋವನ್ನು ಹಲ್ಲುಕಚ್ಚಿ ನುಂಗುತ್ತಿರುವುದು ತಮ್ಮನಿಗಾಗಿ.

ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಬೆದರಿಸುವುದು ಸುಲಭವಿತ್ತು. ಅವಳು ಬೆದರಿಸಲಿಲ್ಲ. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು: ಗುಳ್ಳೆ, ಬೆನ್ನುಹುರಿ, ಸಂಜೆ, ವಿಮಾನ.

ಅಕ್ಕ ಕಿಟಕಿಯತ್ತ ಮುಖ ತಿರುಗಿಸಿದಳು.

"ಅಪ್ಪನ ಕಾಲದಲ್ಲಿ ನಾವು ಯಾರೂ ವಿಮಾನ ಹತ್ತಿದವರಲ್ಲ," ಎಂದಳು. "ಹೀಗಿದೆ ಅಂತ ಯಾರಿಗೆ ಗೊತ್ತು?"

"ನಿಮ್ಮ ತಮ್ಮನಿಗೆ ಗೊತ್ತು. ಮೊದಲ ಪಾಠ ಅಂತ ಕಲಿಸ್ತಾರೆ."

ಅಕ್ಕ ತಿರುಗಿ ನೋಡಿದಳು. ಆ ನೋಟದಲ್ಲಿ ಕೋಪವಿತ್ತು, ಇನ್‌ಸ್ಪೆಕ್ಟರ್ ಮೇಲಿನ ಕೋಪ.

"ಟಿಕೆಟ್ ತೆಗೆದದ್ದು ಯಾರು?" ಎಂದು ಇನ್‌ಸ್ಪೆಕ್ಟರ್ ಕೇಳಿದಳು.

ಅಕ್ಕನ ಎಡಗೈ ಬಲದ ಭುಜವನ್ನು ಒತ್ತಿ ಹಿಡಿಯಿತು. ಆಮೇಲೆ ಅವಳು ನಿಧಾನವಾಗಿ, ಅವನನ್ನು ಕರೆಯಿರಿ ಎಂದಳು. ತಾನೇ ಕೇಳುತ್ತೇನೆ, ನೀವು ಸುಮ್ಮನಿರಬೇಕು ಎಂದಳು.

ದಫೇದಾರ ತಮ್ಮನನ್ನು ಮೇಲೆ ಕರೆತಂದ. ತಮ್ಮ ಹೊಸ್ತಿಲಲ್ಲಿ ನಿಂತು ಅಕ್ಕನ ಮುಖ ನೋಡಿದ, ಅವಳ ಮಡಿಲಲ್ಲಿ ಸತ್ತಂತೆ ಬಿದ್ದಿದ್ದ ಕೈ ನೋಡಿದ. ತೆರೆದ ತೋಳಿನ ಮೇಲಿನ ಗೆರೆಗಳ ಮೇಲೆ ಅವನ ಕಣ್ಣು ತಂಗಿದ್ದು ಎರಡೇ ಕ್ಷಣ. ಅಷ್ಟು ಸಾಕಾಗಿತ್ತು. ಇಪ್ಪತ್ತು ವರ್ಷ ನೀರಲ್ಲಿದ್ದ ಮೇಷ್ಟ್ರು, ಅದೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಪುಟ್ಟಾ, ನನ್ನ ಕೈ ಸ್ವಾಧೀನ ತಪ್ತಾ ಇದೆ ಕಣೋ," ಎಂದಳು ಅಕ್ಕ. "ಕಾಲೂನು. ಏನಾಗಿದೆ ನನಗೆ?"

ಈಗಲಾದರೂ ಹೇಳು ಎಂದು ಇನ್‌ಸ್ಪೆಕ್ಟರ್ ಒಳಗೊಳಗೇ ಅವನನ್ನು ಬೇಡಿದಳು. ಕೇಸು ಹಾಳಾಗಿಹೋದರೂ ಪರವಾಗಿಲ್ಲ ಎನ್ನಿಸಿತು.

ತಮ್ಮ ಮಂಚದ ಹತ್ತಿರ ಬಂದು, ಸರಿದಿದ್ದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಮುಚ್ಚಿದ.

"ಏನಿಲ್ಲ ಬಿಡಕ್ಕ, ಆಘಾತ. ನಿದ್ದೆ ಇಲ್ಲ, ಊಟ ಇಲ್ಲ. ನಾಳೆ ಬೆಳಿಗ್ಗೆ ವಿಮಾನಕ್ಕೆ ಇಬ್ಬರೂ ಊರಿಗೆ ಹೋಗೋಣ. ಕಡಲ ಗಾಳಿ ಕುಡಿದರೆ ಸರಿಹೋಗ್ತೀಯ."

ಅಕ್ಕ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಬಹಳ ದಿನದಿಂದ ತೆರೆದೇ ಇದ್ದ ಒಂದು ಬಾಗಿಲನ್ನು ಯಾರೋ ಒಳಗಿನಿಂದ ಎಳೆದುಕೊಂಡಂತೆ ಅವಳ ಮುಖ ಮುಚ್ಚಿಕೊಂಡಿತು.

ಅವಳು ಅವನ ಮೇಲಿಂದ ಕಣ್ಣು ಕೀಳದೆಯೇ ಮಾತಾಡಿದಳು. ಮಾತು ಇನ್‌ಸ್ಪೆಕ್ಟರಿಗಾಗಿತ್ತು.

"ಮೂವತ್ತು ಮೀಟರು. ಎರಡು ಸಲ. ಮೊನ್ನೆ ಮಧ್ಯಾಹ್ನ. ನಿಮ್ಮ ಡಾಕ್ಟರಿಗೆ ಹೇಳಿ."

"ಅಕ್ಕಾ," ಎಂದ ತಮ್ಮ.

"ಟಿಕೆಟ್ ತೆಗೆದದ್ದು ಇವನು. ಭಾವನ ಜೊತೆ ಕೂತು ಮಾತಾಡಿ ಒಪ್ಪಿಸ್ತೀನಿ, ನಾನು ಬಂದದ್ದು ಕಂಪನಿಯೋರಿಗೆ ಗೊತ್ತಾಗಬಾರದು, ಒಂದು ದಿನ ನಾನೇ ಅನ್ನೋ ಹಾಗೆ ನನ್ನ ತರಗತಿ ನೋಡ್ಕೋ ಅಂದ. ಬೆಳಿಗ್ಗೆ ನಾನು ವಿಮಾನ ಇಳಿದು ಬಂದಾಗ ಬಾಗಿಲು ತೆಗೆದದ್ದು ಇವನೇ. ನಮ್ಮವರು ಕೆಳಗೆ ಬಿದ್ದಿದ್ದರು." ಅವಳು ಉಸಿರು ಎಳೆದುಕೊಂಡಳು. "ಅದನ್ನೂ ನುಂಗಿಕೊಂಡೆ. ಇರೋದು ಇವನೊಬ್ಬ ಅಂತ."

ದಫೇದಾರ ತಮ್ಮನ ಮಣಿಕಟ್ಟು ಹಿಡಿದಿದ್ದ. ತಮ್ಮ ಕೊಸರಾಡಲಿಲ್ಲ. ಕೆಳಗೆ ಬೀದಿಯಲ್ಲಿ ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು. ಇನ್‌ಸ್ಪೆಕ್ಟರ್ ಆಗಲೇ ಫೋನಿನಲ್ಲಿದ್ದಳು. ಆಳ, ಹೊತ್ತು, ಎರಡು ಸಲ ಎಂದು ಒಂದೊಂದಾಗಿ ಹೇಳಿ, ನೌಕಾನೆಲೆಯ ಬಾಗಿಲು ತೆರೆದಿಡಿ, ನಾವು ಹೊರಟೆವು ಎಂದಳು. ಅಕ್ಕನನ್ನು ಸ್ಟ್ರೆಚರಿಗೆ ಎತ್ತಿ ಇಳಿಸುವಾಗ ತಾನೇ ಅವಳ ತಲೆಯ ಕಡೆ ಹಿಡಿದಳು. ಮೊಣಕಾಲು ಕೂಗಿಕೊಂಡದ್ದು ಅವಳಿಗೆ ಕೇಳಿಸಲೇ ಇಲ್ಲ. ದಾರಿಯುದ್ದಕ್ಕೂ ಜೊತೆಗೇ ಕೂರುತ್ತೇನೆ, ಹೇಳಿಕೆ ಅಲ್ಲೇ ಬರೆದುಕೊಳ್ಳುತ್ತೇನೆ ಎಂದು ದಫೇದಾರನಿಗೆ ಹೇಳಿದಳು.

ಅಂಗಡಿಯ ಬಾಗಿಲಲ್ಲಿ ಬೇಡಿ ಹಾಕಿಸಿಕೊಂಡು ನಿಂತಿದ್ದ ತಮ್ಮ. ಆಂಬುಲೆನ್ಸಿನ ಬಾಗಿಲು ಮುಚ್ಚುವ ಮುಂಚೆ ಅವನು ಮಾತಾಡಿದ, ದಾರಿ ಕೇಳಿದವರಿಗೆ ಹೇಳುವಷ್ಟೇ ಸಮಾಧಾನದಿಂದ.

"ನೌಕಾನೆಲೆಗೆ ಹೋಗೋ ರಸ್ತೆ ಘಟ್ಟ ಹತ್ತಿ ಇಳಿಯುತ್ತೆ, ಇನ್‌ಸ್ಪೆಕ್ಟರ್. ಎಷ್ಟು ಎತ್ತರ ಅಂತ ಕೇಳ್ಕೊಂಡ್ರಾ?"

ಇನ್‌ಸ್ಪೆಕ್ಟರ್ ಡ್ರೈವರಿನ ಕಡೆ ತಿರುಗಿದಳು. ಡ್ರೈವರ್ ಅವಳ ಕಣ್ಣು ತಪ್ಪಿಸಿ, ಸಾವಿರದ ಇನ್ನೂರು ಮೀಟರು ಇರಬಹುದು ಎಂದ.

"ಘಟ್ಟ ಹತ್ತದೆ ಹೋಗೋ ದಾರಿ?"

"ಇದೆ ಮೇಡಂ, ನದಿ ಪಕ್ಕದಲ್ಲಿ ಸುತ್ತಿಕೊಂಡು." ಅವನು ಸ್ಟೀರಿಂಗ್ ಮೇಲೆ ಕೈ ಇಟ್ಟು, ಒಳಗೆ ಮಲಗಿದ್ದವಳಿಗೆ ಕೇಳಿಸದಂತೆ ದನಿ ತಗ್ಗಿಸಿದ. "ಆದರೆ ಆ ದಾರೀಲಿ ನಾವು ಮುಟ್ಟೋದು ನಾಳೆ ಬೆಳಿಗ್ಗೆ."

ಇನ್‌ಸ್ಪೆಕ್ಟರ್ ಒಳಗೆ ಹತ್ತಿ ಅಕ್ಕನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಆ ಬೆರಳುಗಳಿಗೆ ಅದು ತಿಳಿಯಲಿಲ್ಲ.

"ನದಿ ಕಡೆಗೆ ತಿರುಗಿಸಿ," ಎಂದಳು. "ಹೊತ್ತು ಉಳಿಸೋದು ಹೇಗೆ ಅಂತ ನಾನು ಹೋಗ್ತಾ ಹೋಗ್ತಾ ಡಾಕ್ಟರನ್ನ ಕೇಳ್ತೀನಿ."